ಹನ್ನೊಂದನೆಯ ಆಯ್ಕೆ

ವಿದ್ಯಾರ್ಥಿನಿಯರ ವಸತಿ ನಿಲಯ, ಕೊಠಡಿ 14
19 ಆಗಸ್ಟ್ 1996

ತೀರ್ಥರೂಪ ಸಮಾನರಾದ ದೊಡ್ಡಪ್ಪನವರ ಪಾದಗಳಿಗೆ ರಾಧಾ ಮಾಡುವ ನಮಸ್ಕಾರಗಳು.

ಶನಿವಾರ ಬೆಳಿಗ್ಗೆ ಬಂದು ಸೇರಿದೆ. ರೈಲಿನಲ್ಲಿ ಕೂರಲು ಜಾಗ ಸಿಕ್ಕಿತು. ಕೊಠಡಿಯಲ್ಲಿ ನಾವು ಮೂವರು. ಮುಖದ ಮೇಲಿನ ಸೀತಾಳೆ ಸಿಡುಬಿನ ಕಲೆ ಮಾಸುತ್ತಿದೆಯೆಂದು ಅಮ್ಮನಿಗೆ ಹೇಳಿ.

ನಾನು ಸೇರಿದ ಜಾಗದ ವಿವರ ಬೇಕೆಂದಿರಿ. ಈ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನಾಲ್ಕು ನಿಕಾಯಗಳಿವೆ, ಅವುಗಳೊಳಗೆ ಹನ್ನೊಂದು ಸ್ಕೂಲುಗಳು; ಇಲ್ಲಿ ವಿಭಾಗಕ್ಕೆ ಸ್ಕೂಲು ಎನ್ನುತ್ತಾರೆ. ಪ್ರತಿಯೊಂದಕ್ಕೂ ಬೇರೆ ಕಟ್ಟಡ, ಬೇರೆ ಗೇಟು, ಬೇರೆ ಕಾವಲುಗಾರ. ಎಲೆಕ್ಟ್ರಿಕಲ್ ಸ್ಕೂಲು ಮೂರು ಮಹಡಿಯದು, ಗೇಟಿನ ಹೊರಗೆ ಕಾರಂಜಿ ಇದೆ. ಸೆರಾಮಿಕ್ ಸ್ಕೂಲು ಎಲ್ಲದರ ಹಿಂದೆ, ಗೋಡೆಯಾಚೆ: ಹಂಚಿನ ಶೆಡ್ಡು, ಒಂದು ಚಿಮಣಿ, ಒಂದು ಬೇವಿನ ಮರ. ನಮ್ಮ ತರಗತಿಯಲ್ಲಿ ಹದಿನೆಂಟು ಜನ. ಬೇಕೆಂದು ಕೇಳಿ ಇಲ್ಲಿಗೆ ಬಂದವರು ಯಾರೂ ಇದ್ದಂತಿಲ್ಲ.

ಎಲೆಕ್ಟ್ರಿಕಲ್ ಸಿಗಲಿಲ್ಲವೆಂದು ನೀವು ಬೇಸರ ಮಾಡಿಕೊಳ್ಳಬೇಡಿ. ನನ್ನ ಅಂಕ ಸಾಲದೆ ಹೋಗಿರಬೇಕು. ನಾನು ಜ್ವರದಲ್ಲಿ ಮಲಗಿದ್ದಾಗ, ಸಹಿ ಮಾತ್ರ ಹಾಕಿಕೊಟ್ಟ ಅರ್ಜಿಯನ್ನು ನೀವು ಮೈಸೂರಿಗೆ ಒಯ್ದು ಕೌಂಟರಿನಲ್ಲಿ ತುಂಬಿ ಕೊಟ್ಟಿರಿ. ಅಷ್ಟಾಗದಿದ್ದರೆ ಇಲ್ಲಿಗೂ ಬರುತ್ತಿರಲಿಲ್ಲ.

ಇಲ್ಲೊಂದು ನಿಯಮವಿದೆ. ಮೊದಲ ವರ್ಷದ ಮುನ್ನೂರ ಅರವತ್ತು ಜನರಲ್ಲಿ ಪರೀಕ್ಷೆಯಲ್ಲಿ ಮೊದಲು ಬಂದ ಒಬ್ಬರಿಗೆ ಮಾತ್ರ ಬೇಕಾದ ಸ್ಕೂಲಿಗೆ ಬದಲಾಗುವ ಹಕ್ಕು ಸಿಗುತ್ತದಂತೆ. ಸುಮ್ಮನೆ ತಿಳಿಸಿದೆ.

ಎಲೆಕ್ಟ್ರಿಕಲ್‌ನಲ್ಲಿ ಹುಣಸೂರಿನ ಹುಡುಗನೊಬ್ಬನಿದ್ದಾನೆ, ವಸಂತ್ ಎಂದು. ದಸರೆಗೆ ಊರಿಗೆ ಬರುತ್ತಾನೆ. ನಾನು ಬರುವುದಿಲ್ಲ, ಓದುವುದಿದೆ.

ನಿಮ್ಮ ಮಗಳು,
ರಾಧಾ

*

ಹಂಪಾಪುರ
೨೩-೧೦-೧೯೯೬

ಚಿ|| ಕುಮಾರಿ ರಾಧಾಳಿಗೆ ದೊಡ್ಡಪ್ಪ ಬೆಟ್ಟಸ್ವಾಮಿ ಮಾಡುವ ಆಶೀರ್ವಾದಗಳು.

ಎರಡು ತಿಂಗಳಿಂದ ಕಾಗದ ಬರೆಯಲಿಲ್ಲ. ಪಿರಿಯಾಪಟ್ಟಣದವರೊಬ್ಬರು ಎತ್ತು ಕೊಡಿಸಲು ಕರೆದಿದ್ದರು, ಆಮೇಲೆ ರಾಗಿ ಕಳೆ, ಹೀಗೆ. ಬೇರೇನಿಲ್ಲ.

ಸೆರಾಮಿಕ್ ಎಂದರೆ ಕಡಿಮೆಯದೆಂದು ತಿಳಿಯಬೇಡ ಪುಟ್ಟಿ. ಮಣ್ಣಿಲ್ಲದೆ ಏನಿದೆ? ಮನೆ ಹಂಚು ಮಣ್ಣು, ಒಲೆ ಮಣ್ಣು, ಕುಡಿಯುವ ನೀರಿನ ಹರವಿ ಮಣ್ಣು. ಇದನ್ನೆಲ್ಲ ನಾನು ಹೋಟೆಲಿನಲ್ಲಿ ಸಣ್ಣಬೀರಯ್ಯನಿಗೆ ಬಿಡಿಸಿ ಹೇಳಿದೆ. ಅವನ ಬಾಯಿ ನಿನಗೆ ಗೊತ್ತಲ್ಲ. "ಏನ್ಲಾ ಬೆಟ್ಟಸ್ವಾಮಿ, ಕಾಲೇಜ್ ಮುಗ್ಸುದ್ ಮಗೀನ ತಿರ್ಗಾ ಸ್ಕೂಲ್ಗೆ ಸೇರುಸ್ದ? ಅದೂ ಮಡ್ಕೆ ಮಾಡಕ್ಕೆ? ಸರಗೂರ್‌ಗೆ ಕಳ್ಸಿದ್ರೆ ಕುಂಬಾರ ಕೆಂಪಯ್ಯ ಪುಗಸಟ್ಟೆ ಕಲಿಸ್ಕೊಡ್ತಿದ್ದ ಕಣ್ಲಾ" ಎಂದ. "ನಿಂಗೇನ್ ಗೊತ್ತು, ಬುಡು" ಎಂದು ಎದ್ದು ಬಂದೆ.

ಆದರೂ ಕೆಂಪಯ್ಯನ ಹತ್ತಿರ ಹೋದೆ. ನಿನ್ನ ಓದಿಗೆ ಉಪಯೋಗವಾಗಲೆಂದು ಮೂರು ಚೀಲ ಮಣ್ಣು ಕಟ್ಟಿಸಿದ್ದೇನೆ. ಒಂದು ನಮ್ಮ ಕೆರೆ ಅಂಗಳದ್ದು. ಒಂದು ಕಬಿನಿ ದಂಡೆಯದು. ಮೂರನೆಯದು ಹೊಲದ ಹುತ್ತದ್ದು. ಅದಕ್ಕೆ ಹಾಲೆರೆದು, "ನಿನ್ ಮನೆ ಗೋಡೆ ಒಂಚೂರು ಕೊಡಪ್ಪಾ, ಮಗೀನ್ ಓದ್ಗೆ" ಎಂದು ಕೇಳಿ, ಹೊರಮೈಯಿಂದ ಮಾತ್ರ ಕೆರೆದದ್ದು. ಚೀಲಕ್ಕೆ ಬಿಗಿಯಾಗಿ ದಾರ ಸುತ್ತಿದ್ದೇನೆ.

ಹುಣಸೂರಿಗೆ ಹೋಗಿ ವಸಂತನ ಕೈಗೆ ಈ ಕಾಗದವನ್ನೂ ಚೀಲಗಳನ್ನೂ ಕೊಡುತ್ತಿದ್ದೇನೆ. ಒಳ್ಳೆಯ ಹುಡುಗನಂತೆ. ಎತ್ತಲು ಕಷ್ಟವಾದೀತು, ಆದರೆ ಬೇಡವೆನ್ನುವವನಲ್ಲ.

ಅಮ್ಮ ಚೆನ್ನಾಗಿದ್ದಾಳೆ.

ಬೆಟ್ಟಸ್ವಾಮಿ

*

ವಸತಿ ನಿಲಯ
6 ನವೆಂಬರ್ 1996

ತೀರ್ಥರೂಪ ಸಮಾನರಾದ ದೊಡ್ಡಪ್ಪನವರಿಗೆ ರಾಧಾಳ ನಮಸ್ಕಾರಗಳು.

ಮಣ್ಣು ಬಂತು. ವಸಂತ್ ಮೂರು ಚೀಲಗಳನ್ನೂ ಹೆಗಲ ಮೇಲೆ ಹೊತ್ತು ಹಾಸ್ಟೆಲ್ ಗೇಟಿನವರೆಗೆ ಬಂದ. "ರಾಧಾ ಅವ್ರೇ, ರೈಲ್ನಲ್ಲಿ ಎಲ್ಲಾ ಇದೇನು ಇದೇನು ಅಂತ ಕೇಳೋರು. ಮಣ್ಣು ಅಂದ್ರೆ ಒಬ್ರೂ ನಂಬ್ನಿಲ್ಲ ಕಣ್ರೀ, ಬಿಚ್ಚುಸ್ಬುಟ್ರು" ಎಂದ. ಗೇಟಿನವನೂ ಬಿಚ್ಚಿಸಿ ನೋಡಿಯೇ ಬಿಟ್ಟ.

ಮೊದಲು ನನಗೆ ನಾಚಿಕೆಯಾಯಿತು. ಎರಡು ದಿನ ಮಂಚದ ಕೆಳಗೆ ತಳ್ಳಿಟ್ಟಿದ್ದೆ. ಆಮೇಲೆ ಒಂದಿಷ್ಟು ಒಯ್ದು, ಮಣ್ಣು ಸುಡುವ ಭಟ್ಟಿ ನೋಡಿಕೊಳ್ಳುವ ಅಜ್ಜನಿಗೆ ತೋರಿಸಿದೆ. ಅವರು ಹುತ್ತದ ಮಣ್ಣನ್ನು ಬೆರಳಲ್ಲಿ ಉಜ್ಜಿ, "ಯವ್ವಾ, ಇದನ್ನ ಎಲ್ಲಿಂದ ತಂದಿ? ಬೆಣ್ಣಿ ಇದ್ದಂಗ ಐತಿ" ಎಂದರು.

ಇಲ್ಲಿ ಮೊದಲ ವರ್ಷದ ಪಾಠಗಳು ಎಲ್ಲ ಸ್ಕೂಲಿಗೂ ಒಂದೇ. ಪ್ರಾಯೋಗಿಕ ಕೆಲಸ ಮಾತ್ರ ಅವರವರ ಸ್ಕೂಲಿನದು, ಅದಕ್ಕೆ ನೂರು ಅಂಕ. ಬೇರೆಯವರೆಲ್ಲ ಸ್ಕೂಲಿನ ಉಗ್ರಾಣದ ಮಣ್ಣನ್ನೇ ತೆಗೆದುಕೊಂಡಿದ್ದಾರೆ. ನಾನು ನಿಮ್ಮ ಮೂರು ಮಣ್ಣುಗಳನ್ನು ತೆಗೆದುಕೊಳ್ಳಲು ಪ್ರೊಫೆಸರ್ ಒಪ್ಪಿದ್ದಾರೆ. ಅಚ್ಚಿನಲ್ಲಿ ಬಿಲ್ಲೆ ಒತ್ತಿ, ಒಣಗಿಸಿ, ಸುಟ್ಟು, ಎಷ್ಟು ಕುಗ್ಗಿತು, ಎಷ್ಟು ಬಿರಿಯಿತು ಎಂದು ಅಳೆಯಬೇಕು.

ಸ್ಕೂಲು ಚೆನ್ನಾಗಿದೆ. ನನಗೆ ಇಷ್ಟವಾಗಿದೆ.

ರಾಧಾ

*

ಹಂಪಾಪುರ
೨-೧೨-೧೯೯೬

ಚಿ|| ರಾಧಾಳಿಗೆ ಆಶೀರ್ವಾದಗಳು.

ನಿನಗೆ ಇಷ್ಟವಾಗಿದೆ ಎಂದು ಬರೆದ ಸಾಲನ್ನು ನಾಲ್ಕು ಸಲ ಓದಿದೆ. ಎದೆಯ ಮೇಲಿನ ಕಲ್ಲು ಇಳಿಯಿತು. ನಿನ್ನಮ್ಮನಿಗೂ ಓದಿ ಹೇಳಿದೆ. ಅವಳು ಒಲೆ ಊದುತ್ತಲೇ ಇದ್ದಳು.

ನನಗನ್ನಿಸುತ್ತದೆ, ಆದದ್ದೆಲ್ಲ ಒಳ್ಳೆಯದಕ್ಕೇ. ಕರೆಂಟಿನ ಸಹವಾಸ ನಮ್ಮ ಮನೆಗೆ ಸಾಕು. ನಿನ್ನಪ್ಪ ಲೈನ್‌ಮನ್ ಆಗಿ ಕಂಬದಿಂದ ಬಿದ್ದು ಹೋದಾಗ ನಿನಗೆ ಏಳು ವರ್ಷ. ಮಣ್ಣು ಯಾರನ್ನೂ ಬೀಳಿಸುವುದಿಲ್ಲ. ಸ್ಕೂಲು ಬದಲಾಯಿಸುವ ನಿಯಮದ ಮಾತು ಬರೆದಿದ್ದೆಯಲ್ಲ, ಅದರ ಯೋಚನೆ ಬೇಡ. ಇಷ್ಟವಾದ ಮೇಲೆ ಮತ್ತೇಕೆ?

ಇನ್ನೂ ಮಣ್ಣು ಬೇಕಿದ್ದರೆ ಬರೆ. ಕಾಕನಕೋಟೆಯ ಕಡೆ ಬಿಳಿ ಮಣ್ಣು ಸಿಗುತ್ತದೆಂದು ಕೆಂಪಯ್ಯ ಹೇಳಿದ. ವಸಂತನನ್ನು ಕೇಳಿದೆನೆಂದು ಹೇಳು.

ಬೆಟ್ಟಸ್ವಾಮಿ

*

ವಸತಿ ನಿಲಯ
11 ಜನವರಿ 1997

ದೊಡ್ಡಪ್ಪನವರಿಗೆ ನಮಸ್ಕಾರ.

ಸಂಕ್ರಾಂತಿಗೆ ಬರುವುದಿಲ್ಲ. ಪರೀಕ್ಷೆ ಹತ್ತಿರವಿದೆ.

ಪ್ರವೇಶದ ಪಟ್ಟಿಯನ್ನು ಇಲ್ಲಿನ ಕಚೇರಿಯಲ್ಲಿ ನೋಡಿದೆ. ನನ್ನ ಸ್ಥಾನ ಅರವತ್ತೊಂದು. ಎಲೆಕ್ಟ್ರಿಕಲ್ ಸ್ಕೂಲಿನ ಕೊನೆಯ ಸೀಟು ನೂರ ಹದಿನೆಂಟನೆಯ ಸ್ಥಾನದವನಿಗೆ ಸಿಕ್ಕಿದೆ. ಅವನೇ ವಸಂತ್.

ಮಣ್ಣು ಬೇಡ.

ರಾಧಾ

*

ಹಂಪಾಪುರ
೩-೨-೧೯೯೭

ಚಿ|| ರಾಧಾಳಿಗೆ ಆಶೀರ್ವಾದಗಳು.

ಎಳ್ಳು ಬೆಲ್ಲ ಕಳಿಸಿದ್ದು ತಲುಪಿತೇ? ನೀನಿಲ್ಲದೆ ಹಬ್ಬಕ್ಕೆ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚುವವರೇ ಇರಲಿಲ್ಲ, ನಾನೇ ಹಚ್ಚಿದೆ. ಒಂದರ ಕಿವಿಗೂ ಬಿತ್ತು. ಸಣ್ಣಬೀರಯ್ಯ, "ಎತ್ಗೂ ಓಲೆ ಹಾಕ್ಸಿದ್ಯೇನ್ಲಾ" ಎಂದು ಊರೆಲ್ಲ ಹೇಳಿಕೊಂಡು ಬಂದ.

ನಿನ್ನ ಕಾಗದ ಚಿಕ್ಕದಾಗಿತ್ತು. ಪಟ್ಟಿಯ ವಿಷಯ ಓದಿದೆ. ಅದರ ಬಗ್ಗೆ ಒಂದು ಮಾತು ಹೇಳುವುದಿದೆ. ಕಾಗದದಲ್ಲಿ ಬರೆಯುವಂಥದಲ್ಲ. ಬೇಸಗೆ ರಜೆಗೆ ಬಂದಾಗ ಹೇಳುತ್ತೇನೆ. ಬರುತ್ತೀಯಲ್ಲ?

ಬೆಟ್ಟಸ್ವಾಮಿ

*

ವಸತಿ ನಿಲಯ
21 ಜುಲೈ 1997

ದೊಡ್ಡಪ್ಪನವರಿಗೆ,

ಬೇಸಗೆ ರಜೆಯಲ್ಲಿ ನಾನು ಊರಿಗೆ ಬರಲಿಲ್ಲ. ಭಟ್ಟಿಯಲ್ಲಿ ಕೆಲಸವಿದೆ ಎಂದು ಅಮ್ಮನಿಗೆ ಬರೆದೆ. ಕೆಲಸವಿದ್ದದ್ದು ನಿಜ, ಆದರೆ ಕಾರಣ ಅದಲ್ಲ. ಈಗ ಹೇಳುತ್ತೇನೆ. ಮೊದಲು ಸುದ್ದಿ.

ಇಂದು ಬೆಳಿಗ್ಗೆ ಫಲಿತಾಂಶ ಬಂತು. ಸಾವಿರಕ್ಕೆ ಎಂಟುನೂರ ಎಪ್ಪತ್ತೊಂದು. ಹನ್ನೊಂದು ಸ್ಕೂಲುಗಳ ಮುನ್ನೂರ ಅರವತ್ತು ಜನರಲ್ಲಿ ನಾನು ಮೊದಲನೆಯವಳು. ನೋಟೀಸ್ ಬೋರ್ಡಿನ ಮುಂದೆ ನೂಕುನುಗ್ಗಲಿತ್ತು. ಭಟ್ಟಿಯ ಅಜ್ಜ ಓದಲು ಬಾರದವರು, ಎಲ್ಲರನ್ನೂ ಸರಿಸಿ ಒಳಗೆ ಹೋಗಿ, "ನಮ್ಮ ಹುಡುಗಿ ಹೆಸರು ಯಾವುದು, ಬೆರಳ ಇಟ್ಟು ತೋರಸ್ರಿ" ಎಂದರು. ತೋರಿಸಿದರು. ಅವರು ಆ ಹೆಸರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಸೆರಾಮಿಕ್ ಸ್ಕೂಲಿನಿಂದ ಈವರೆಗೆ ಯಾರೂ ಮೊದಲು ಬಂದಿಲ್ಲವಂತೆ. ನಮ್ಮ ತರಗತಿಯ ಉಳಿದ ಹದಿನೇಳು ಜನರೂ ತಗಡಿನ ಡಬ್ಬ ಬಡಿದುಕೊಂಡು ಎಲೆಕ್ಟ್ರಿಕಲ್ ಸ್ಕೂಲಿನ ಕಾರಂಜಿಗೆ ಮೂರು ಸುತ್ತು ಹಾಕಿದರು. ನಾನೂ ಹಾಕಿದೆ.

ಎರಡನೆಯವನು ವಸಂತ್, ಮೂರು ಅಂಕ ಕಡಿಮೆ. ಪ್ರಾಯೋಗಿಕದಲ್ಲಿ ನನಗೆ ತೊಂಬತ್ತೇಳು ಬಂದಿತ್ತು. ಕೆರೆಮಣ್ಣು ಬಿರಿಯಿತು, ಹೊಳೆಮಣ್ಣು ಸೊಟ್ಟಗಾಯಿತು, ಹುತ್ತದ ಮಣ್ಣು ನಿಂತಿತು. ಮೂರನ್ನೂ ಯಾವ ಪ್ರಮಾಣದಲ್ಲಿ ಬೆರೆಸಿದರೆ ಬಿರಿಯುವುದಿಲ್ಲ ಎಂದು ನಲವತ್ತು ಬಿಲ್ಲೆ ಸುಟ್ಟು ತೋರಿಸಿದ್ದೆ. ಇದನ್ನು ವಸಂತನಿಗೆ ಹೇಳಿದರೆ, "ಅಯ್ಯೋ, ನನ್ ಸೋಲ್ನ ನಾನೇ ಹೆಗಲ್ ಮೇಲೆ ಹೊತ್ಕಂಡ್ ಬಂದ್ನಾ!" ಎಂದು ನಕ್ಕ.

ಈಗ ಇನ್ನೊಂದು ವಿಷಯ. ಜನವರಿಯಲ್ಲಿ ಅವನೇ ಕ್ಯಾಂಟೀನಿನಲ್ಲಿ, "ನೀವು ಬೇಕಂತ್ಲೇ ಸೆರಾಮಿಕ್ ಕೇಳಿ ತಗೊಂಡ್ರಂತೆ? ಭಾರಿ ಧೈರ್ಯ ಬುಡಿ" ಎಂದಿದ್ದ. ನಾನು ಕಚೇರಿಗೆ ಹೋಗಿ ನನ್ನ ಅರ್ಜಿ ತೆಗೆಸಿ ನೋಡಿದೆ. ಹನ್ನೊಂದು ಸ್ಕೂಲುಗಳ ಹೆಸರಿನ ಮುಂದೆ ಹನ್ನೊಂದು ಚೌಕ. ಕನ್ನಡದ ಅಂಕಿಗಳು, ಉದ್ದ ಬಾಲದ ನಿಮ್ಮ ನಾಲ್ಕು. ಸೆರಾಮಿಕ್‌ಗೆ ೧. ಎಲೆಕ್ಟ್ರಿಕಲ್‌ಗೆ ೧೧.

ನಾನು ಜ್ವರದಲ್ಲೂ ನಿಮಗೆ ಒಂದೇ ಮಾತು ಹೇಳಿದ್ದೆ: ಎಲೆಕ್ಟ್ರಿಕಲ್. ಅದನ್ನು ನೀವು ಕೊನೆಗೆ ಹಾಕಿದಿರಿ. ಅಪ್ಪ ಬಿದ್ದ ಕಾರಣಕ್ಕೆ ನೀವು ಹೆದರಿದಿರಿ ಎಂದು ಡಿಸೆಂಬರಿನ ನಿಮ್ಮ ಕಾಗದವೇ ಹೇಳುತ್ತದೆ. ಹೆದರಿದ್ದು ತಪ್ಪಲ್ಲ. ನನ್ನನ್ನು ಕೇಳದೆ ನನ್ನ ಹೆಸರಿನಲ್ಲಿ ಬರೆದದ್ದು ತಪ್ಪು. ನನ್ನ ಅಂಕ ಸಾಲಲಿಲ್ಲವೆಂದು ಐದು ತಿಂಗಳು ನಾನು ನಂಬಿದ್ದೆ. ನೀವು ನಂಬಲು ಬಿಟ್ಟಿರಿ.

ಆಗಸ್ಟ್ 4ರ ಸೋಮವಾರದೊಳಗೆ ಸ್ಕೂಲು ಬದಲಿಸುವ ಅರ್ಜಿ ಕೊಡಬೇಕು. ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ. ತಿಳಿಸುತ್ತಿದ್ದೇನೆ.

ರಾಧಾ

*

ಹಂಪಾಪುರ
೨೭-೭-೧೯೯೭

ಪುಟ್ಟಿ,

ನಿನ್ನ ಕಾಗದವನ್ನು ಬಸ್ ಸ್ಟ್ಯಾಂಡಿನಲ್ಲೇ ಒಡೆದು ಓದಿದೆ. ಮೊದಲ ಅರ್ಧ ಓದಿ ಸಣ್ಣಬೀರಯ್ಯನನ್ನು ತಬ್ಬಿಕೊಂಡೆ. ಉಳಿದರ್ಧ ಓದಿ ಅಲ್ಲೇ ಕಟ್ಟೆಯ ಮೇಲೆ ಕೂತೆ. "ಏನ್ಲಾ, ಮಗ ಫೇಲಾ?" ಎಂದ ಅವನು. "ಅವ್ಳಲ್ಲ, ನಾನು" ಎಂದೆ.

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಅರ್ಜಿ ಕೊಡಲು ಹೋದಾಗ ಸಣ್ಣಬೀರಯ್ಯ ನನ್ನ ಜೊತೆಗಿದ್ದ. ಕೌಂಟರಿನವನು, "ನಿಮ್ಮ ಆಯ್ಕೆಯ ಪ್ರಕಾರ ನಂಬರ್ ಹಾಕಿ" ಎಂದು ಕಾಗದ ತಳ್ಳಿದ. ನನಗೆ ಇಪ್ಪತ್ತೈದು ವರ್ಷದಿಂದ ಗೊತ್ತಿರುವುದು ಒಂದೇ ಆಯ್ಕೆ, ಎತ್ತಿನದು. ಸಂತೆಯಲ್ಲಿ ಬೇಕಾದ ಜೋಡಿಯ ಕಡೆ ಮೊದಲು ಕಣ್ಣು ಹಾಯಿಸಬಾರದು. ಬೇಡದ ಹತ್ತು ಜೋಡಿಯ ಹಲ್ಲು ಹಿಡಿದು ನೋಡಬೇಕು, ಮೈಮೇಲಿನ ಸುಳಿ ಲೆಕ್ಕ ಹಾಕಬೇಕು, ಮುಖ ಕಿವುಚಬೇಕು. ಕೊನೆಗೆ ಮನೆಗೆ ಹೊರಟವನಂತೆ ತಿರುಗಿ, "ಇದನ್ನೂ ಕೊಡೋದೇನಪ್ಪಾ?" ಎನ್ನಬೇಕು. ಮೊದಲೇ ಆಸೆ ತೋರಿಸಿದರೆ ಮಾರುವವನು ಬಿಗಿ ಹಿಡಿಯುತ್ತಾನೆ. ಪಿರಿಯಾಪಟ್ಟಣದಿಂದ ಸರಗೂರಿನವರೆಗೆ ನನ್ನನ್ನು ಕರೆಯುವುದೇ ಈ ವಿದ್ಯೆಗೆ.

ಕೌಂಟರಿನವನ ಮುಖ ನೋಡಿದೆ. ಹೆಗಲ ಮೇಲೆ ಟವಲ್ ಒಂದಿಲ್ಲ, ಮಿಕ್ಕಂತೆ ಥೇಟ್ ದಲ್ಲಾಳಿ. ಸಣ್ಣಬೀರಯ್ಯ ನನ್ನ ಕಿವಿಯಲ್ಲಿ, "ಕರೆಂಟ್ಗೆ ಮೊದ್ಲೇ ಒಂದು ಅಂತ ಹಾಕ್ಬುಟ್ರೆ ನಮ್ ಆಸೆ ಗೊತ್ತಾಗೋಯ್ತದೆ ಕಣ್ಲಾ. ಬೇಡ್ದಿದ್ನ ಮುಂದಕ್ ಬುಡು" ಎಂದ. ಪಟ್ಟಿಯಲ್ಲಿ ಯಾರೂ ಕೇಳಲಾರರು ಎನಿಸಿದ್ದು ಸೆರಾಮಿಕ್. ಅದಕ್ಕೆ ೧ ಹಾಕಿದೆ. ಎಲ್ಲ ಮುಗಿಸಿ, ಆಕಳಿಸಿ, ನಿನ್ನದಕ್ಕೆ ೧೧ ಹಾಕಿದೆ. ಹೊರಗೆ ಬಂದು ಇಬ್ಬರೂ ಗೆದ್ದವರಂತೆ ಮಸಾಲೆ ದೋಸೆ ತಿಂದೆವು.

ಸೀಟಿನ ಕಾಗದ ಬಂದ ದಿನ ಅಂಚೆಯವನು ನಿಯಮ ಓದಿ ಹೇಳಿದ: ೧ ಎಂದರೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು, ಅದನ್ನೇ ಮೊದಲು ಕೊಡುತ್ತಾರೆ. ಮಾರನೆಯ ದಿನವೇ ಮೈಸೂರಿಗೆ ಹೋದೆ. ಕೌಂಟರ್ ಎತ್ತಿಬಿಟ್ಟಿದ್ದರು, ಆ ಸಭಾಂಗಣದಲ್ಲಿ ಸೀರೆ ಪ್ರದರ್ಶನ ನಡೆಯುತ್ತಿತ್ತು. ಅಂಕ ಸಾಲಲಿಲ್ಲವೆಂದು ನೀನು ಬರೆದಾಗ ನಿಜ ಹೇಳಬೇಕಿತ್ತು. ಊರಿಗೆಲ್ಲ ಜಾಣ ಎನಿಸಿಕೊಂಡವನಿಗೆ ನಿನ್ನ ಮುಂದೆ ದಡ್ಡನಾಗಲು ಬಾಯಿ ಬರಲಿಲ್ಲ. ಅದಕ್ಕೇ ಮಣ್ಣನ್ನು ಹೊಗಳಿದೆ, ಮಣ್ಣು ಕಳಿಸಿದೆ. ನಿನಗೆ ಇಷ್ಟವಾಗಿದೆ ಎಂದು ನೀನು ಬರೆದದ್ದನ್ನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಹೆದರಿಕೆಯ ಮಾತು. ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅಂದು ಅಂಕಿ ಹಾಕಿದ್ದು ಹೆದರಿಕೆಯಲ್ಲ, ಬುದ್ಧಿವಂತಿಕೆ. ಅದು ನಿನಗೆ ಬೇಕೇ ಬೇಕೆಂದು ನನಗೆ ಗೊತ್ತಿದ್ದದ್ದರಿಂದಲೇ ಅಷ್ಟು ಕೆಳಗೆ ಬಚ್ಚಿಟ್ಟೆ.

ನಿನ್ನ ಕಾಗದವನ್ನು ಅಮ್ಮನಿಗೆ ಪೂರ್ತಿ ಓದಿದೆ, ನನ್ನ ತಪ್ಪನ್ನೂ ಹೇಳಿದೆ. ಅವಳು ಕೇಳಿದಳು: "ಆ ಓದು ಓದುದ್ರೆ ಕಂಬ ಹತ್ಬೇಕಾ ಭಾವಾ?" ಬೇಡವಂತೆ ಎಂದೆ. "ಹತ್ತುದ್ರೂ ಹತ್ಲಿ. ಅವ್ರಪ್ಪ ಬಿದ್ದುದ್ದು ಒಂದ್ಸಲ. ಹತ್ತಿದ್ದು ಹನ್ನೆರಡ್ ವರ್ಸ" ಎಂದಳು. ಇದನ್ನು ಹೀಗೆಯೇ ಬರೆಯಬೇಕೆಂದೂ ಹೇಳಿದಳು.

ಈ ಸಲ ನಾನು ಏನೂ ಹೇಳುವುದಿಲ್ಲ. ಕ್ಷಮಿಸೆಂದು ಕೂಡ ಕೇಳುವುದಿಲ್ಲ, ಅದು ನಿನ್ನ ಯೋಚನೆಗೆ ಅಡ್ಡ ಬರುತ್ತದೆ.

ನಿನ್ನ ದೊಡ್ಡಪ್ಪ

*

ವಸತಿ ನಿಲಯ
2 ಆಗಸ್ಟ್ 1997, ಶನಿವಾರ

ದೊಡ್ಡಪ್ಪಾ,

ನಿಮ್ಮ ಕಾಗದ ನಿನ್ನೆ ಬಂತು. ಮೆಟ್ಟಿಲ ಮೇಲೆ ನಿಂತು ಓದಿದೆ. ಆಕಳಿಸಿ ೧೧ ಹಾಕಿದೆ ಎಂಬಲ್ಲಿ ನಗು ಬಂದು ಕೂರಬೇಕಾಯಿತು. ಕೊಠಡಿಯ ಇಬ್ಬರೂ ಹೆದರಿ ಓಡಿಬಂದರು. ಓದಿ ಹೇಳಿದೆ. ಅವರೂ ಕೂತರು. ಸಂಜೆಯೊಳಗೆ ಇಡೀ ಹಾಸ್ಟೆಲಿಗೆ ಗೊತ್ತಾಗಿ, ಈಗ ಊಟದ ಸಾಲಿನಲ್ಲಿ ಯಾರಿಗೂ ಹಪ್ಪಳ ಮೊದಲು ಬೇಡವಂತೆ.

ಜನವರಿಯಿಂದ ನಿಮ್ಮ ಬಗ್ಗೆ ನಾನು ಅಂದುಕೊಂಡದ್ದು ತಪ್ಪು. ಕೇಳಿದ್ದರೆ ಏಳು ತಿಂಗಳ ಹಿಂದೆಯೇ ತಿಳಿಯುತ್ತಿತ್ತು. ನಾನೂ ಬಚ್ಚಿಟ್ಟೆ. ನವೆಂಬರಿನಲ್ಲಿ ಸ್ಕೂಲು ಇಷ್ಟವಾಗಿದೆ ಎಂದು ಬರೆದದ್ದು ನಿಮ್ಮ ಸಮಾಧಾನಕ್ಕೆ. ಮಾರ್ಚಿನ ಹೊತ್ತಿಗೆ ಅದು ಸ್ವಲ್ಪ ನಿಜವೂ ಆಗಿತ್ತು. ಅದಕ್ಕೇ ಈ ಎರಡು ವಾರ ಯೋಚಿಸಬೇಕಾಯಿತು.

ಬುಧವಾರ ಸೆರಾಮಿಕ್ ಪ್ರೊಫೆಸರ್ ಕರೆದಿದ್ದರು. "ಇಲ್ಲೇ ಇದ್ದರೆ ನಾಲ್ಕು ವರ್ಷವೂ ನೀನೇ ಮೊದಲು. ಅಲ್ಲಿ ಅರವತ್ತು ಜನರಲ್ಲಿ ಒಬ್ಬಳು. ಹುಡುಗಿಯರು ಇಬ್ಬರೇ" ಎಂದರು. ಕಂಬದ ಮೇಲೆ ತಂತಿ ಕೂರುವ ಪಿಂಗಾಣಿಯನ್ನು ನಮ್ಮ ಭಟ್ಟಿಯಲ್ಲೇ ಸುಡುತ್ತಾರೆ, ಅದರ ಕೆಲಸ ಕೊಡುತ್ತೇನೆ ಎಂದೂ ಹೇಳಿದರು. ಅವರು ನನ್ನ ಒಳ್ಳೆಯದಕ್ಕೆ ಹೇಳಿದರೆಂದು ನನಗೆ ಗೊತ್ತು. ಒಂದು ಪಿಂಗಾಣಿಯನ್ನು ಕೈಗೂ ಕೊಟ್ಟರು. ತೂಕವಾಗಿತ್ತು, ತಣ್ಣಗಿತ್ತು.

ಅದನ್ನು ಪರೀಕ್ಷೆಗೆ ಎಲೆಕ್ಟ್ರಿಕಲ್ ಸ್ಕೂಲಿನ ದೊಡ್ಡ ಪ್ರಯೋಗಶಾಲೆಗೆ ಒಯ್ಯುವಾಗ ನನ್ನನ್ನೂ ಕರೆದುಕೊಂಡು ಹೋದರು. ಆ ಗೇಟಿನೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಪಿಂಗಾಣಿಯನ್ನು ಎತ್ತರದಲ್ಲಿ ತೂಗುಹಾಕಿ, ಎಲ್ಲರನ್ನೂ ಜಾಲರಿಯ ಹಿಂದೆ ನಿಲ್ಲಿಸಿ, ಕರೆಂಟಿನ ಒತ್ತಡ ಏರಿಸುತ್ತ ಹೋದರು. ಮೊದಲು ಜೇನುಹುಳದ ಸದ್ದು. ಆಮೇಲೆ ನೇರಳೆ ಬಣ್ಣದ ಎಳೆಗಳು. ಆಮೇಲೆ ಒಂದೇ ಏಟಿಗೆ ಬಿಳಿ ಬೆಂಕಿ ಅದರ ಮೈಮೇಲೆ ಓಡಿಹೋಯಿತು. ಪ್ರೊಫೆಸರ್ ಪಿಂಗಾಣಿ ಒಡೆಯಿತೇ ಎಂದು ನೋಡುತ್ತಿದ್ದರು. ನಾನು ಬೆಂಕಿಯನ್ನು ನೋಡುತ್ತಿದ್ದೆ. ನನ್ನ ಉತ್ತರ ನನಗೆ ಅಲ್ಲೇ ಗೊತ್ತಾಯಿತು.

ಇದು ಅಪ್ಪನಿಗಾಗಿ ಅಲ್ಲ. ನಿಮ್ಮ ತಪ್ಪನ್ನು ತಿದ್ದಲಿಕ್ಕೂ ಅಲ್ಲ. ಆ ತಪ್ಪಿಲ್ಲದಿದ್ದರೆ ನಾನು ಅರವತ್ತೊಂದನೆಯವಳಾಗಿಯೇ ಆ ಗೇಟು ಹೊಗುತ್ತಿದ್ದೆ, ಈಗ ಮೊದಲನೆಯವಳಾಗಿ ಹೋಗಬಹುದು ಎಂದು ವಸಂತ್ ಹೇಳುತ್ತಾನೆ. ಇರಬಹುದು. ನನಗೆ ಅದು ಬೇಕು, ಅಷ್ಟೇ. ಇದುವರೆಗೆ ನಮ್ಮ ಮನೆಯಲ್ಲಿ ಯಾರೂ ಹೀಗೆ ಬರೆದಿರಲಿಕ್ಕಿಲ್ಲ.

ಅಮ್ಮನ ಮಾತನ್ನು ಹಾಗೆಯೇ ಬರೆದದ್ದಕ್ಕೆ ನಿಮಗೆ ನಮಸ್ಕಾರ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕುಲಸಚಿವರ ಕಚೇರಿ ತೆರೆಯುತ್ತದೆ. ಎಲೆಕ್ಟ್ರಿಕಲ್ ಸ್ಕೂಲಿಗೆ ಬದಲಾಗುತ್ತೇನೆಂದು ಅರ್ಜಿ ಕೊಡಲು ತೀರ್ಮಾನಿಸಿದ್ದೇನೆ. ಈ ಕಾಗದ ನಿಮಗೆ ತಲುಪುವ ಹೊತ್ತಿಗೆ ಕೊಟ್ಟಾಗಿರುತ್ತದೆ. ಈಗ ಶನಿವಾರ, ಮಧ್ಯಾಹ್ನ ಮೂರು ಗಂಟೆ. ಅರ್ಜಿ ಮೇಜಿನ ಮೇಲಿದೆ. ಈ ಸಲ ಎಲ್ಲವನ್ನೂ ನಾನೇ ತುಂಬಿದ್ದೇನೆ, ಸಹಿ ಮಾತ್ರ ಇನ್ನೂ ಹಾಕಿಲ್ಲ.

ರಾಧಾ